ಮೈಕ್ ಒತ್ತಿದರೆ ತಿರುಗುವ ಬೋಟು

ತಂಡೇಲ ಮೈಕ್ ಒತ್ತಿದ. ಬೋಟು ಬಲಕ್ಕೆ ತಿರುಗಿತು.

ಬಲಕ್ಕೆ ಹಡಗಿತ್ತು. ನವಮಂಗಳೂರು ಬಂದರಿನತ್ತ ಹೊರಟಿದ್ದ ಸರಕು ಹಡಗು. ಮುಸ್ಸಂಜೆಯ ಮಳೆಯೊಳಗಿಂದ ಅದು ಕಪ್ಪು ಗೋಡೆಯ ಹಾಗೆ ಎದ್ದು ಬಂದಾಗ ನಮಗೂ ಅದಕ್ಕೂ ನಡುವೆ ಒಂದು ಕಿಲೋಮೀಟರ್ ಇತ್ತೋ ಇಲ್ಲವೋ. ನಮ್ಮ ಹಿಂದೆ ಬಲೆ ಇಳಿದಿತ್ತು. ಬಲೆ ಎಳೆಯುವ ಬೋಟು ಓಡುವುದಿಲ್ಲ, ತೆವಳುತ್ತದೆ. ತಂಡೇಲ 16ನೇ ಚಾನೆಲ್‌ನಲ್ಲಿ ಹಿಂದಿ, ಇಂಗ್ಲಿಷ್, ತುಳು ಎಲ್ಲ ಬೆರೆಸಿ ಕೂಗತೊಡಗಿದ. ಅವನು ಕೂಗುತ್ತಿದ್ದಷ್ಟು ಹೊತ್ತೂ ಸ್ಟೇರಿಂಗ್ ಚಕ್ರ ತಾನಾಗಿ ಬಲಕ್ಕೆ ಹೊರಳುತ್ತಿತ್ತು. ಚಕ್ರದ ನಡುಹಿಡಿಗೆ ಯಾವುದೋ ದೈವಸ್ಥಾನದ ಕೆಂಪು ದಾರ ಕಟ್ಟಿತ್ತು. ಅದು ನೆತ್ತಿಯ ಮೇಲಿದ್ದರೆ ಚುಕ್ಕಾಣಿ ನೇರ. ನಾನು ನೋಡುವಾಗ ದಾರ ಗಡಿಯಾರದ ಮೂರು ಗಂಟೆಯ ಜಾಗಕ್ಕೆ ಬಂದಿತ್ತು.

"ಮೈಕ್ ಬಿಡು!"

"ಎಂತ?"

"ಮೈಕ್ ಬಿಡು ಮಾರಾಯ, ನೀನು ಕೂಗಿದರೆ ಬೋಟು ತಿರುಗ್ತದೆ!"

ಅವನು ಬಿಟ್ಟ. ದಾರ ನಿಂತಿತು. ಆಟೋಪೈಲಟ್‌ನ ಸ್ಟ್ಯಾಂಡ್‌ಬೈ ಬಟನ್ ಮೇಲೆ ಮುಷ್ಟಿಯಿಂದ ಗುದ್ದಿ, ಚಕ್ರವನ್ನು ಎದೆಗೆ ಅಪ್ಪಿಕೊಂಡವನಂತೆ ಎಡಕ್ಕೆ ಎಳೆದ. ಇನ್ನೊಂದು ಕೈ ಎಂಜಿನ್ನಿಗೆ ಪೂರ್ತಿ ವೇಗ ಕೊಟ್ಟಿತ್ತು. ಬೋಟು ಒಂದು ಮಗ್ಗುಲಿಗೆ ವಾಲಿತು, ಅಡುಗೆ ಮಾಡುತ್ತಿದ್ದ ಕುಮಟಾದ ಹುಡುಗನ ಕೈಯಿಂದ ಗಂಜಿಯ ಪಾತ್ರೆ ಜಾರಿ ಡೆಕ್ ಮೇಲೆಲ್ಲ ಚೆಲ್ಲಿತು. ಹಡಗಿನ ಹೊಟ್ಟೆಯ ತುಕ್ಕಿನ ಗೆರೆಗಳು ನನಗೆ ಕಾಣಿಸಿದವು. ಎಷ್ಟು ಹತ್ತಿರ ಎಂದು ಕೇಳಿದವರಿಗೆ ನಾನು ಇಷ್ಟೇ ಹೇಳುವುದು. ಅದು ಹಾಯ್ದು ಹೋಯಿತು. ಅದರ ಅಲೆ ನಮ್ಮನ್ನು ಎತ್ತಿ ಕುಕ್ಕಿತು.

ಉಸಿರು ಬಿಡಬೇಕು ಎನ್ನುವಷ್ಟರಲ್ಲಿ ಹಿಂದುಗಡೆ ದಡ್ ಎಂದು ಸದ್ದಾಯಿತು. ಎಂಜಿನ್ ಎರಡು ಸಲ ಕೆಮ್ಮಿ ನಿಂತುಹೋಯಿತು. ಏನಾಯಿತೆಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಬಲೆ ಎಳೆಯುವಾಗ ಹಾಗೆ ಗಕ್ಕನೆ ತಿರುಗಿದರೆ ರೋಪು ಬೋಟಿನ ಅಡಿಗೇ ಬರುತ್ತದೆ. ಬೋಟನ್ನು ತಳ್ಳುವ ಫ್ಯಾನಿಗೆ ಬಲೆ ಸುತ್ತಿತ್ತು.

ತೌಕ್ತೆ ಚಂಡಮಾರುತ ಹೋಗಿ ಒಂದು ವರ್ಷ. ಮೇ ತಿಂಗಳ ಕೊನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ಕಡಲು ಬಂದ್. ಅದಕ್ಕೆ ಮೊದಲಿನ ಕೊನೆಯ ಟ್ರಿಪ್ಪು. ಬೋಟು ನಡೆಸುವ ಒಬ್ಬ ತಂಡೇಲ, ಅವನ ಕೈಕೆಳಗೆ ಏಳು ಕಲಾಸಿಗಳು, ಮತ್ತೆ ಬಂದರಿನ ಸಣ್ಣ ಅಂಗಡಿಯಲ್ಲಿ ವಯರ್‌ಲೆಸ್ ಸೆಟ್ ರಿಪೇರಿ ಮಾಡಿಕೊಂಡಿದ್ದ ನಾನು. ಮೀನು ಹಿಡಿಯಲು ಬಂದವನಲ್ಲ, ಒಂದು ದೋಷ ಹಿಡಿಯಲು ಬಂದವನು.

ಬೋಟಿನ ಯಜಮಾನರು ಎಲ್ಲಿಂದಲೋ ಹಳೆಯ ಆಟೋಪೈಲಟ್ ತಂದಿದ್ದರು. ದಿಕ್ಸೂಚಿ ನೋಡಿ ಬೋಟನ್ನು ನೇರ ನಡೆಸುವ ಪೆಟ್ಟಿಗೆ. ಅದನ್ನು ಸೈಕಲ್ ಚೈನು, ಮೋಟರು ಹಾಕಿ ಚಕ್ರಕ್ಕೆ ಜೋಡಿಸಿದ್ದು ದಕ್ಕೆಯ ಹುಡುಗರು. ಚುಕ್ಕಾಣಿ ಎಷ್ಟು ತಿರುಗಿದೆ ಎಂದು ಹೇಳಲು ಹಿಂದೆ ಒಂದು ಸೆನ್ಸರ್, ಅಲ್ಲಿಂದ ಕ್ಯಾಬಿನ್ನಿಗೆ ತೆಳ್ಳಗಿನ ತಂತಿ. ಚೆನ್ನಾಗಿಯೇ ಓಡುತ್ತಿತ್ತು. ಆದರೆ ಕೆಲವೊಮ್ಮೆ, ಅದೂ ರಾತ್ರಿ ಹೊತ್ತು, ಬೋಟು ತಾನಾಗಿ ತಿರುಗುತ್ತದೆ ಎಂದು ತಂಡೇಲ ದೂರಿದ್ದ. ಕಲಾಸಿಗಳಲ್ಲಿ ಇಬ್ಬರು ಆಗಲೇ ಭೂತಕ್ಕೆ ಹರಕೆ ಹೇಳಿಕೊಂಡಿದ್ದರು. ದಕ್ಕೆಯಲ್ಲಿ ಕಟ್ಟಿಟ್ಟು ಪರೀಕ್ಷಿಸಿದೆ, ಏನೂ ಇಲ್ಲ. ಮೈಕ್ ಒತ್ತಿಯೂ ನೋಡಿದೆ. ಚಕ್ರ ಮಿಸುಕಲಿಲ್ಲ.

ಇಲ್ಲಿ ನನ್ನ ತಪ್ಪನ್ನು ಹೇಳಿಬಿಡಬೇಕು. ದಕ್ಕೆಯಲ್ಲಿ ನೂರಾರು ಬೋಟು ಒತ್ತೊತ್ತಾಗಿ ನಿಂತಿರುತ್ತವೆ, ಯಾರ ಕಿವಿಗೂ ತೊಂದರೆ ಬೇಡವೆಂದು ನಾನು ಸೆಟ್ಟನ್ನು 1 ವಾಟ್‌ಗೆ ಇಳಿಸಿಯೇ ಪರೀಕ್ಷೆ ಮಾಡುವವನು. ಕಡಲಲ್ಲಿ ತಂಡೇಲ ಒತ್ತುವುದು 25 ವಾಟ್. ಹಿಂದೆ ಬೆಂಗಳೂರಿನ ಜಕ್ಕೂರು ವಿಮಾನ ಮೈದಾನದಲ್ಲಿ ಎರಡು ವರ್ಷ ಸಣ್ಣ ವಿಮಾನಗಳ ವಯರಿಂಗ್ ಕೆಲಸ ಮಾಡಿ, ಇದೇ ಪಾಠಕ್ಕೆ ಬೈಸಿಕೊಂಡವನು ನಾನು. ಅಲ್ಲಿ ಕಿಟ್ ತರಿಸಿ ಕೈಯಾರೆ ಜೋಡಿಸಿದ ಎರಡು ಸೀಟಿನ ವಿಮಾನವೊಂದಿತ್ತು. ಪೈಲಟ್ ಟವರಿಗೆ ಮಾತಾಡಲು ಬಟನ್ ಒತ್ತಿದಾಗೆಲ್ಲ ಆಟೋಪೈಲಟ್ ಮೂಗು ಎತ್ತುತ್ತಿತ್ತು. ದೊಡ್ಡ ವಿಮಾನದ ಲೋಹದ ಮೈ ಒಳಗಿನ ತಂತಿಗಳಿಗೆ ಸ್ವಲ್ಪವಾದರೂ ಕೊಡೆ ಹಿಡಿಯುತ್ತದೆ; ಬಟ್ಟೆಯ, ಫೈಬರಿನ ಸಣ್ಣ ವಿಮಾನದಲ್ಲಿ ಆಂಟೆನಾಗೂ ಸೆನ್ಸರಿನ ತಂತಿಗೂ ನಡುವೆ ಏನೂ ಇಲ್ಲ. ಮರದ ಮೇಲೆ ಫೈಬರ್ ಬಳಿದ ನಮ್ಮ ಬೋಟಿನ ಕಥೆಯೂ ಅದೇ. ತಂತಿಗೆ ತಾನು ಯಾವ ಕೆಲಸಕ್ಕೆ ನೇಮಕವಾಗಿದ್ದೇನೆಂದು ಗೊತ್ತಿರುವುದಿಲ್ಲ. ಉದ್ದ ಸರಿಹೊಂದಿದರೆ ಅದು ಆಂಟೆನಾ. ವಿಮಾನದ ರೇಡಿಯೋಗೆ ಆ ಉದ್ದ ಅರವತ್ತು ಸೆಂಟಿಮೀಟರ್ ಆಸುಪಾಸು. 156.8 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ ಬೋಟಿಗೆ ನಲವತ್ತೆಂಟು, ಅಂದರೆ ಹೆಚ್ಚುಕಡಿಮೆ ಎರಡು ಗೇಣು.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 1980ರ ದಶಕದಲ್ಲಿ ಅಮೆರಿಕದ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರುಗಳು ಪ್ರಬಲ ರೇಡಿಯೋ ಗೋಪುರಗಳ ಬಳಿ ಹಾರುವಾಗ ಬಾಲದ ರೆಕ್ಕೆ ತಾನಾಗಿ ಹೊರಳುತ್ತದೆ ಎಂಬ ದೊಡ್ಡ ಗಲಾಟೆಯೇ ಎದ್ದಿತ್ತು. ಅದೇ ಹೆಲಿಕಾಪ್ಟರಿನ ನೌಕಾಪಡೆ ಮಾದರಿಗೆ ಮೊದಲೇ ರಕ್ಷಾಕವಚ ಹಾಕಿಸಿದ್ದರು. ಹಡಗಿನ ಡೆಕ್ ಮೇಲೆ ರಾಡಾರು, ರೇಡಿಯೋಗಳ ನಡುವೆಯೇ ಅದರ ಬದುಕು.

ಇದೆಲ್ಲ ಗೊತ್ತಿದ್ದೂ ಕಡಲಿಗೆ ಬಂದ ಮೇಲೆ ನಾನು ಮೂರು ದಿನ ಬೇರೆ ಮರ ಹತ್ತಿದೆ. ಡೆಕ್ ಮೇಲೆ ಮೀನು ವಿಂಗಡಿಸಲು ಹೊಸ ಎಲ್‌ಇಡಿ ದೀಪ ಹಾಕಿದ್ದರು. ಮೀನು ಕರೆಯುವ ಲೈಟಲ್ಲ, ಅದಕ್ಕೆ 2017ರಿಂದ ನಿಷೇಧ ಉಂಟು. ದೋಷ ಬರುವುದು ರಾತ್ರಿ, ದೀಪ ಉರಿಯುವುದೂ ರಾತ್ರಿ. 2018ರಲ್ಲಿ ಅಮೆರಿಕದ ಕರಾವಳಿ ಕಾವಲು ಪಡೆ, ಎಲ್‌ಇಡಿ ದೀಪಗಳ ಒಳಗಿನ ಸರ್ಕ್ಯೂಟು ವಿಎಚ್‌ಎಫ್ ರೇಡಿಯೋವನ್ನು ಕಿವುಡು ಮಾಡಬಲ್ಲದು ಎಂದು ಎಚ್ಚರಿಸಿದ್ದನ್ನು ನಾನು ಓದಿದ್ದೆ. ಓದಿದವನಿಗೆ ಓದಿದ್ದೇ ಎಲ್ಲೆಲ್ಲೂ ಕಾಣುತ್ತದೆ. ದೀಪದ ತಂತಿಗಳನ್ನು ಹೊಸೆದೆ, ಸರಿಸಿದೆ, ಕೊನೆಗೆ ಅದರ ಫ್ಯೂಸನ್ನೇ ಕಿತ್ತು "ಇನ್ನು ತೊಂದರೆ ಇಲ್ಲ" ಎಂದೆ. ರಾತ್ರಿ ಇನ್ನೊಂದು ಕೆಲಸವೂ ನಡೆಯುತ್ತದೆ, ಬೋಟಿನವರು ಒಬ್ಬರಿಗೊಬ್ಬರು ಹೆಚ್ಚು ಮಾತಾಡುತ್ತಾರೆ ಎಂಬುದು ಹೊಳೆಯಲೇ ಇಲ್ಲ. ನಾಲ್ಕು ಗಂಟೆಯ ನಂತರ ಆ ಹಡಗು ಬಂತು.

ಗಾಳಿ ಪಡುವಣದಿಂದ ಎದ್ದಾಗ ರಾತ್ರಿ ಎಂಟು. ಮಳೆ ಅಡ್ಡಕ್ಕೆ ಹೊಡೆಯುತ್ತಿತ್ತು. ಎಂಜಿನ್ ಇಲ್ಲದ ಬೋಟು ತೆರೆಗೆ ಪಕ್ಕೆ ಕೊಟ್ಟು ನಿಲ್ಲುತ್ತದೆ. ಒಂದೊಂದು ತೆರೆಯೂ ಪಕ್ಕೆಗೇ ಒದೆಯುತ್ತದೆ. ಇಪ್ಪತ್ತೈದು ಮಾರು ಆಳ, ಕೆಸರಿನ ತಳ. ಲಂಗರು ಇಳಿಸಿದೆವು. ರೋಪಿನ ಮೇಲೆ ಕೈಯಿಟ್ಟರೆ ತಳದಲ್ಲಿ ಅದು ಉಳುತ್ತ ಬರುವುದು ಅಂಗೈಗೆ ತಿಳಿಯುತ್ತಿತ್ತು.

ಬೆಂಗ್ರೆಯ ಕಲಾಸಿಯೊಬ್ಬ ಸೊಂಟಕ್ಕೆ ಹಗ್ಗ ಬಿಗಿದು, ಬಾಯಲ್ಲಿ ಚೂರಿ ಕಚ್ಚಿ ನೀರಿಗಿಳಿದ. ಬಲೆ ಕೊಯ್ದು ಫ್ಯಾನ್ ಬಿಡಿಸಬೇಕು. ನಾಲ್ವರು ಹಗ್ಗ ಹಿಡಿದಿದ್ದರು. ಬೋಟಿನ ಹಿಂಭಾಗ ಆಳೆತ್ತರ ಎದ್ದು ಅವನ ತಲೆಯ ಮೇಲೆಯೇ ಕುಕ್ಕುತ್ತಿತ್ತು. ಮೂರನೇ ಮುಳುಗಿಗೆ ಹಗ್ಗ ಸಡಿಲವಾಯಿತು. ಎಳೆದರೆ ಬಂದ, ನೆತ್ತಿ ಸೀಳಿ ರಕ್ತ ಮಳೆನೀರಿನ ಜೊತೆ ಕಣ್ಣಿಗಿಳಿಯುತ್ತಿತ್ತು. "ಇನ್ನೊಮ್ಮೆ ಹೋಗ್ತೇನೆ" ಎಂದ. ತಂಡೇಲ ಅವನ ಕೆನ್ನೆಗೆ ಒಂದು ಬಿಗಿದು ಕೂರಿಸಿದ. ಅದನ್ನು ನಾನು ಪ್ರೀತಿ ಎಂದೇ ತಿಳಿದಿದ್ದೇನೆ.

ಜಿಪಿಎಸ್ ಪರದೆಯಲ್ಲಿ ನಮ್ಮ ಚುಕ್ಕೆ ಈಶಾನ್ಯಕ್ಕೆ ಸರಿಯುತ್ತಿತ್ತು, ಗಂಟೆಗೆ ಎರಡೂವರೆ ಕಿಲೋಮೀಟರಿನ ಹಾಗೆ. ಆ ದಾರಿಯಲ್ಲಿ ಮೂಲ್ಕಿ-ಕಾಪು ಕಡಲಿನ ಬಂಡೆಗಳಿವೆ. ಹಿಂದಿನ ಮೇ ತಿಂಗಳಲ್ಲಿ ತೌಕ್ತೆಯ ಹೊಡೆತಕ್ಕೆ 'ಕೋರಮಂಡಲ್ ಸಪೋರ್ಟರ್-9' ಎಂಬ ಟಗ್ ಹೋಗಿ ಸಿಕ್ಕಿಬಿದ್ದದ್ದು ಆ ಬಂಡೆಗಳಲ್ಲೇ. ಒಂಬತ್ತು ಜನ ಇದ್ದರು. 2021ರ ಮೇ 17ರಂದು ಐವರನ್ನು ಕರಾವಳಿ ಕಾವಲು ಪಡೆಯ 'ವರಾಹ' ಹಡಗಿನವರು, ನಾಲ್ವರನ್ನು ನೌಕಾಪಡೆಯ ಹೆಲಿಕಾಪ್ಟರಿನವರು ಎತ್ತಿ ತಂದರು. ಆ ವಿಡಿಯೋವನ್ನು ಬಂದರಿನಲ್ಲಿ ನೋಡದವರಿಲ್ಲ. ನಮ್ಮಲ್ಲೂ ತಲೆ ಎಣಿಸಿದರೆ ಒಂಬತ್ತೇ. ಕುಮಟಾದ ಹುಡುಗ ಅದನ್ನು ಎಣಿಸಿಯೂ ಹೇಳಿಬಿಟ್ಟ. ಯಾರೂ ಅವನಿಗೆ ಉತ್ತರ ಕೊಡಲಿಲ್ಲ. ಟಗ್ಗಿನವರು ಅಲ್ಲಿದ್ದಾರೆಂದು ದಡಕ್ಕೆ ಗೊತ್ತಿತ್ತು. ನಾವು ಇಲ್ಲಿದ್ದೇವೆಂದು ಯಾರಿಗೆ ಗೊತ್ತು?

ಫೋನಿಗೆ ಸಿಗ್ನಲ್ ಇಲ್ಲ. ಅಪಾಯ ಸೂಚಕ ಪೆಟ್ಟಿಗೆಯ ಬ್ಯಾಟರಿ ಯಾವಾಗಲೋ ಸತ್ತಿತ್ತು. ಕೈಯಲ್ಲಿ ಹಿಡಿಯುವ ವಾಕಿಟಾಕಿ ನನ್ನ ಅಂಗಡಿಯ ಗೂಡಿನಲ್ಲಿ ಚಾರ್ಜಿಗೆ ಸಿಕ್ಕಿಸಿದಲ್ಲೇ ಉಳಿದಿತ್ತು. ಇದ್ದದ್ದು ಆ ರೇಡಿಯೋ ಒಂದೇ. ಆಟೋಪೈಲಟನ್ನು ಸ್ಟ್ಯಾಂಡ್‌ಬೈಗೆ ಹಾಕಿಯಾಗಿತ್ತು, ಇನ್ನು ಎಷ್ಟು ಬೇಕಾದರೂ ಕೂಗಬಹುದು. ತಂಡೇಲ ಕೂಗಿದ, ನಾನು ಕೂಗಿದೆ. ಮೇಡೇ, ಮೇಡೇ, ಮೇಡೇ. ಬಟನ್ ಬಿಟ್ಟರೆ ಬರೀ ಸುಯ್ ಸುಯ್. ಹತ್ತಿಪ್ಪತ್ತು ಕಿಲೋಮೀಟರಿನಲ್ಲಿ ಮನೆಗೆ ಮರಳುವ ಬೋಟುಗಳು ಇರಲೇಬೇಕು. ಒಂದೂ ಓಗೊಡಲಿಲ್ಲ.

ಬ್ಯಾಟರಿ ಉಳಿಸೋಣವೆಂದು ಕ್ಯಾಬಿನ್ನಿನ ದೀಪವನ್ನೂ ಆರಿಸಿದೆವು. ಕತ್ತಲೆ. ತಂಡೇಲ ಮತ್ತೆ ಮೈಕ್ ಒತ್ತಿದ. ಆಗ ಕಂಡೆ.

ನಾನೇ ಫ್ಯೂಸ್ ಕಿತ್ತು ಸಾಯಿಸಿದ್ದ ಎಲ್‌ಇಡಿ ಪಟ್ಟಿ ಬಾಗಿಲ ಮೇಲೆ ಮಿಣುಕುತ್ತಿತ್ತು. ಮಿಂಚುಹುಳದಷ್ಟು ಬೆಳಕು. ಅವನು ಬಟನ್ ಬಿಟ್ಟ, ಆರಿತು.

"ಮತ್ತೊಮ್ಮೆ ಒತ್ತು."

ಮಿಣುಕಿತು.

"ರೇಡಿಯೋ ಅಣ್ಣ, ಅದಕ್ಕೆ ಕರೆಂಟ್ ಎಲ್ಲಿಂದ?"

ನನಗೆ ಜಕ್ಕೂರು ನೆನಪಾಯಿತು, ನನ್ನನ್ನು ಬೈದವರು ನೆನಪಾದರು, ಮೈಯೆಲ್ಲ ಒಮ್ಮೆ ಬಿಸಿಯಾಯಿತು. ಕರೆಂಟ್ ಆಂಟೆನಾದಿಂದ. ಆಕಾಶಕ್ಕೆ ಹೋಗಬೇಕಾದ ನಮ್ಮ ಕೂಗು ಬೋಟಿನ ಒಳಗೇ ಸುತ್ತುತ್ತಿದೆ. ಚಕ್ರ ತಿರುಗಿಸಿದ್ದೂ ಅದೇ, ಈಗ ನಮ್ಮನ್ನು ಮೂಕರಾಗಿಸಿದ್ದೂ ಅದೇ. ಎರಡು ದೋಷವಲ್ಲ, ಒಂದು.

ಎಲ್ಲಿಂದ ಸೋರುತ್ತಿದೆ? ಸೆಟ್ಟಿನಿಂದ ಆಂಟೆನಾವರೆಗೆ ಹನ್ನೆರಡು ಮೀಟರ್ ಕೇಬಲ್, ಅದೂ ಹಲಗೆಯ ಸಂದಿಯಲ್ಲಿ. ಪಟ್ಟಿಯಿಂದ ಒಂದು ಎಲ್‌ಇಡಿಯನ್ನು ಕೊಯ್ದೆ. ಅದರ ಎರಡು ಕಾಲಿಗೂ ಎರಡೆರಡು ಗೇಣು ತಂತಿ ಹೊಸೆದೆ. ಇಷ್ಟೇ ಉಪಕರಣ. ರೇಡಿಯೋದ ಅಲೆ ಎಲ್ಲಿ ದಟ್ಟವೋ ಅಲ್ಲಿ ಅದು ಬೆಳಗುತ್ತದೆ. ತಂಡೇಲ ಒಳಗೆ ಮೈಕ್ ಒತ್ತಿ ಹಿಡಿದು ಬಾಯಿಗೆ ಬಂದದ್ದು ಹೇಳುತ್ತ ಹೋದ, ನಾನು ಗೋಡೆ ಹಿಡಿದು ತಂತಿಯನ್ನು ಕೇಬಲ್ ಉದ್ದಕ್ಕೂ ಆಡಿಸುತ್ತ ಹೋದೆ. ಸೆಟ್ಟಿನ ಹಿಂದೆ ಮಿಣುಕು. ಮೂಲೆಯಲ್ಲಿ ಏನೂ ಇಲ್ಲ. ಸೆನ್ಸರಿನ ತಂತಿಯೂ ಕೇಬಲ್ಲೂ ಒಂದೇ ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಿಗಿದ ಜಾಗದಲ್ಲಿ ಚೆನ್ನಾಗಿಯೇ ಬೆಳಗಿತು. ಬಾಗಿಲು ದಾಟಿ, ಏಣಿ ಹತ್ತಿ ಕ್ಯಾಬಿನ್ನಿನ ಮಾಡಿಗೆ ಬಂದೆ. ಕಂಬದ ಬುಡದಲ್ಲಿ ಕೇಬಲ್ಲಿಗೆ ಒಂದು ಜೋಡು ಇತ್ತು, ಮೇಲೆ ಹಳೆಯ ರಬ್ಬರ್ ಟ್ಯೂಬ್ ಸುತ್ತಿದ್ದರು. ತಂತಿಯನ್ನು ಅದರ ಬಳಿ ತಂದದ್ದೇ ಎಲ್‌ಇಡಿ ಮಳೆಯಲ್ಲೂ ಕಣ್ಣು ಚುಚ್ಚುವಷ್ಟು ಬೆಳಗಿ, ಫಟ್ಟೆಂದು ಸುಟ್ಟುಹೋಯಿತು.

ಸುಡಲಿ. ಹೇಳಬೇಕಾದ್ದನ್ನು ಹೇಳಿ ಸತ್ತಿತು.

ಒಬ್ಬ ನನ್ನ ಕಾಲುಗಳ ಮೇಲೆ ಕೂತ. ಇನ್ನೊಬ್ಬ ನನ್ನ ಸೊಂಟದ ಹಗ್ಗವನ್ನು ಕಂಬಕ್ಕೆ ಕಟ್ಟಿದ. ಬಾಯಲ್ಲಿ ಟಾರ್ಚು. ರಬ್ಬರ್ ಸೀಳಿ ಜೋಡನ್ನು ತಿರುಗಿಸಿದರೆ ಒಳಗೆ ತಾಮ್ರದ ಜಾಲರಿ ಇರಬೇಕಾದಲ್ಲಿ ಹಸಿರು ಹಿಟ್ಟು. ಬೆರಳಿಗೆ ಅಂಟಿ ಬಂತು. ಉಪ್ಪುನೀರು ಒಂದೊಂದೇ ಎಳೆ ತಿಂದು ಮುಗಿಸಿತ್ತು. ನಡುವಿನ ಗಟ್ಟಿ ತಂತಿ ಮಾತ್ರ ಉಳಿದಿತ್ತು. ಆಂಟೆನಾ ಕೇಬಲ್ಲಿನಲ್ಲಿ ನಡುತಂತಿಯಲ್ಲಿ ಹೋದದ್ದು ಸುತ್ತಲಿನ ಜಾಲರಿಯ ಒಳಮೈಯಲ್ಲಿ ಮರಳಬೇಕು. ಜಾಲರಿ ಕಡಿದರೆ ಅದು ಕೇಬಲ್ಲಿನ ಹೊರಮೈ ಹಿಡಿದು ಕ್ಯಾಬಿನ್ನಿಗೇ ಇಳಿಯುತ್ತದೆ, ಪಕ್ಕದ ತಂತಿಗೆ ಹಾರುತ್ತದೆ, ಸೆನ್ಸರಿನ ಹೆಸರಲ್ಲಿ ಸುಳ್ಳು ಹೇಳುತ್ತದೆ. ಚುಕ್ಕಾಣಿ ಎಡಕ್ಕೆ ಹೋಗಿದೆ ಎಂಬ ಸುಳ್ಳನ್ನು ನಂಬಿ ಪಾಪದ ಪೈಲಟ್ ಬಲಕ್ಕೆ ದೂಡುತ್ತಲೇ ಇತ್ತು.

ಎರಡೂ ಕಡೆ ಕೇಬಲ್ಲನ್ನು ಒಂದೊಂದು ಗೇಣು ಕತ್ತರಿಸಿದೆ, ಒಳಗೆ ಕೆಂಪು ತಾಮ್ರ ಕಾಣುವವರೆಗೆ. ಬೆಸುಗೆ ಹಾಕುವ ಮಾತೇ ಇಲ್ಲ. ನಡುತಂತಿಗಳನ್ನು ಹೊಸೆದು ಟೇಪು ಸುತ್ತಿದೆ. ಕಲಾಸಿಯೊಬ್ಬ ತನ್ನ ರೇನ್‌ಕೋಟನ್ನು ನನ್ನ ಕೈಗಳ ಮೇಲೆ ಚಪ್ಪರದಂತೆ ಹಿಡಿದ. ಜಾಲರಿಗಳನ್ನು ಒಂದರ ಮೇಲೊಂದು ಎಳೆದು, ಎಂಜಿನ್ನಿನ ನೀರಿನ ಪೈಪಿನಿಂದ ಬಿಚ್ಚಿ ತಂದ ಕ್ಲಿಪ್ಪು ಹಾಕಿ ಬಿಗಿದೆ. ಯಾವ ಪುಸ್ತಕವೂ ಒಪ್ಪದ ಜೋಡು. ಒಂದು ತೆರೆ ಮಾಡಿನ ಮೇಲೇ ಹಾಯ್ದು ಟಾರ್ಚನ್ನು ಬಾಯಿಂದ ಕಿತ್ತುಕೊಂಡು ಹೋಯಿತು. ಕೊನೆಯ ನಾಲ್ಕು ಸುತ್ತು ಟೇಪು ಕತ್ತಲೆಯಲ್ಲೇ. ತಲೆ ಎತ್ತಿದರೆ ಪೂರ್ವದಲ್ಲಿ ಕಾಪು ದೀಪಸ್ತಂಭ ಹೊಳೆದು ಆರುತ್ತಿತ್ತು. 1901ರಿಂದ ಬೋಟುಗಳಿಗೆ ಧೈರ್ಯ ಹೇಳಿದ ದೀಪ. ಆ ರಾತ್ರಿ ಅದು ಪ್ರತಿ ಸಲ ಇನ್ನಷ್ಟು ದೊಡ್ಡದಾಗಿ ಹೊಳೆದಾಗಲೂ ನನ್ನ ಹೊಟ್ಟೆ ಹಿಂಡುತ್ತಿತ್ತು.

"ಒತ್ತು!" ಎಂದು ಮೇಲಿಂದಲೇ ಕೂಗಿದೆ.

ಒಳಗೆ ಅವನು ಏನು ಹೇಳಿದನೋ ಕೇಳಲಿಲ್ಲ. ಸ್ವಲ್ಪ ಹೊತ್ತು ಬರೀ ಗಾಳಿ. ಆಮೇಲೆ ಕ್ಯಾಬಿನ್ನಿನೊಳಗಿಂದ, ಗಂಟಲು ಕಟ್ಟಿದ ಯಾರದ್ದೋ ಒರಟು ದನಿ:

"ಯಾರು ಮಾರಾಯ್ರೇ ಅದು? ಇಷ್ಟು ಹೊತ್ತು ಎಲ್ಲಿದ್ರಿ? ಎಲ್ಲಿ ಉಂಟು ಬೋಟು?"

ಏಣಿ ಇಳಿಯಲು ನನಗೆ ಕಾಲು ಬರಲಿಲ್ಲ. ಎತ್ತಿ ಇಳಿಸಿದರು.

ಅದು ಮಂಗಳೂರಿಗೇ ಮರಳುತ್ತಿದ್ದ ಟ್ರಾಲ್ ಬೋಟು. ನಮ್ಮನ್ನು ಮುಟ್ಟಲು ಅವರಿಗೆ ಒಂದೂವರೆ ಗಂಟೆ ಹಿಡಿಯಿತು. ಬಂಡೆಗಳ ಮೇಲೆ ತೆರೆ ಒಡೆಯುವ ಸದ್ದು ಅಷ್ಟರಲ್ಲಿ ಕೇಳತೊಡಗಿತ್ತು, ಗುಡುಗಲ್ಲ, ಗುಡುಗಿಗೆ ಬಿಡುವಿರುತ್ತದೆ. ಅವರು ಎಸೆದ ಹಗ್ಗ ಎರಡು ಸಲ ನೀರಿಗೆ ಬಿತ್ತು, ಮೂರನೆಯದನ್ನು ನೆತ್ತಿಗೆ ಲುಂಗಿಯ ಪಟ್ಟಿ ಕಟ್ಟಿಕೊಂಡಿದ್ದ ಆ ಬೆಂಗ್ರೆಯವನೇ ಹಿಡಿದ. ಲಂಗರು ಎಳೆದುಕೊಳ್ಳುವಷ್ಟು ಹೊತ್ತಿಲ್ಲ. ರೋಪು ಕಡಿದು ಬಿಟ್ಟೆವು.

ಬೆಳಗಿನ ಜಾವ ಅಳಿವೆಬಾಗಿಲು. ನೇತ್ರಾವತಿ, ಫಲ್ಗುಣಿ ಎರಡೂ ಕೂಡಿ ಕಡಲಿಗೆ ಬೀಳುವ ಆ ಬಾಯಿಯಲ್ಲಿ ಮರಳಿನ ದಿಬ್ಬ ಮುಚ್ಚಿಕೊಂಡಿರುತ್ತದೆ. ದಾರಿ ತಪ್ಪಿದ ಬೋಟು ಮನೆ ಕಾಣುವಷ್ಟು ಹತ್ತಿರದಲ್ಲೇ ಒಡೆಯುತ್ತದೆ. ಮುಂದಿನ ಬೋಟಿನವರು ರೇಡಿಯೋದಲ್ಲಿ "ಎಡಕ್ಕೆ ಹಿಡಿ, ಈಗ ಬಿಡು, ನೇರ, ನೇರ" ಎಂದು ಹೇಳುತ್ತ ಹೋದರು. ತಂಡೇಲ ಬರೀ ಕೈಯಲ್ಲಿ ಚಕ್ರ ಹಿಡಿದು ಅವರು ಹೇಳಿದ ಹಾಗೆ ತಿರುಗಿಸುತ್ತ ಬಂದ. ಒಂದೇ ಒಂದು ಸಲ ಅಡಿಗೆ ಮರಳು ತಾಗಿ ಬೋಟು ನಡುಗಿತು. ದಾಟಿತು.

ಮಳೆಗಾಲದ ರಜೆಯಲ್ಲಿ ವಯರಿಂಗನ್ನೆಲ್ಲ ಬಿಚ್ಚಿ ಹಾಕಿದೆ. ಪೈಲಟ್ ಪೆಟ್ಟಿಗೆಯ ಹಿಂದೆ ಸಿಕ್ಕಿತು ಇನ್ನೊಬ್ಬ ಕಳ್ಳ. ಸೆನ್ಸರ್ ತಂತಿಯ ಮೇಲಿನ ಕವಚವನ್ನು ನೆಲಕ್ಕೆ ಜೋಡಿಸದೆ, ಮುಂದೆ ಬೇಕಾದೀತೆಂದು ಬಾಲದ ಹಾಗೆ ಸುರುಳಿ ಬಿಟ್ಟಿದ್ದರು. ಬಿಡಿಸಿ ಅಳೆದೆ. ಎರಡು ಗೇಣು. ಬೇಕೆಂದೇ ಅಳೆದು ಕತ್ತರಿಸಿದ ಆಂಟೆನಾ ಕೂಡ ಇಷ್ಟು ಕರಾರುವಾಕ್ಕಾಗಿ ಇರುವುದಿಲ್ಲ. ಅದನ್ನು ಕತ್ತರಿಸಿ ಕವಚವನ್ನು ಒಂದೇ ತುದಿಯಲ್ಲಿ ನೆಲಕ್ಕೆ ಕೊಟ್ಟೆ, ಸೆನ್ಸರಿನ ತಂತಿಯನ್ನು ಬೋಟಿನ ಎಡಗಡೆಗೂ ಆಂ‌ಟೆನಾ ಕೇಬಲ್ಲನ್ನು ಬಲಗಡೆಗೂ ಓಡಿಸಿದೆ, ಹಳೆಯ ಕಂಪ್ಯೂಟರ್ ಮಾನಿಟರಿನ ತಂತಿಯಿಂದ ಕಿತ್ತ ಫೆರೈಟ್ ಗುಂಡುಗಳನ್ನು ಪೆಟ್ಟಿಗೆಯ ಬಾಯಿಗೆ ಸಿಕ್ಕಿಸಿದೆ. ಕಂಬದ ಬುಡದಲ್ಲಿ ಜೋಡೇ ಇಲ್ಲದಂತೆ ಹೊಸ ಕೇಬಲ್. ಆ ಜುಲೈಯಲ್ಲಿ ಅಂಗಡಿಗೆ ಬಂದ ಹುಡುಗನೊಬ್ಬ, ಯುವಕರ ತಂಡವೊಂದು ಶಾಂಭವಿ ಹೊಳೆಯ ನೀರಿನಿಂದ ಹಾರಿಸಲು ತಾವೇ ಕಟ್ಟಿದ ಸಣ್ಣ ವಿಮಾನದ ಸುದ್ದಿ ತೋರಿಸಿ, ನಾವೂ ಒಂದು ಕಟ್ಟುವುದಾ ಎಂದು ಕೇಳಿದ. ಕಟ್ಟು ಮಗ, ವಯರಿಂಗ್ ಮಾಡುವ ಮೊದಲು ನನ್ನನ್ನು ಕರೆ ಎಂದೆ.

ಆಗಸ್ಟ್ ಮೊದಲ ವಾರ ಬೋಟು ಮತ್ತೆ ಕಡಲಿಗಿಳಿಯಿತು. ನಾನೂ ಹೋದೆ. ಸುರತ್ಕಲ್ ಆಚೆ ಪೈಲಟನ್ನು ಹಾಕಿ, ಸೆಟ್ಟನ್ನು 25 ವಾಟ್‌ಗೆ ಏರಿಸಿ, ಡೆಕ್ಕಿನ ಎಲ್ಲ ದೀಪ ಉರಿಸಿ, "ಈಗ ಮಾತಾಡು" ಎಂದೆ. ತಂಡೇಲ ಪಕ್ಕದ ಬೋಟನ್ನು ಕರೆದು ಬಂಗುಡೆ ಸಿಕ್ಕಿತಾ, ಬೊಂಡಾಸ್ ಎಷ್ಟು ಬಿತ್ತು ಎಂದು ಐದು ನಿಮಿಷ ಪಟ್ಟಾಂಗ ಹೊಡೆದ. ಕೆಂಪು ದಾರ ನೆತ್ತಿಯಿಂದ ಅಲುಗಲಿಲ್ಲ. ನಾನು ದಾರ ನೋಡುತ್ತಿದ್ದೆ, ಅವನೂ ದಾರವನ್ನೇ ನೋಡುತ್ತಿದ್ದ. ಅವನ ಬಲಗೈಯಲ್ಲಿ ಮೈಕ್ ಇತ್ತು. ಎಡಗೈಯ ಹೆಬ್ಬೆರಳು, ಮಾತು ಮುಗಿಯುವವರೆಗೂ, ಸ್ಟ್ಯಾಂಡ್‌ಬೈ ಬಟನ್ ಮೇಲೆಯೇ ಇತ್ತು.